ಯಾರು, ಯಾರಿಗೆ ಹೇಳಿದರು? ಮಕ್ಕಳಿಗೆ ಕಥೆಯ ದನಿ ಕೇಳಿಸುವ ಬಗೆ

‘ಈ ಮಾತನ್ನು ಯಾರು, ಯಾರಿಗೆ, ಯಾವಾಗ ಹೇಳಿದರು?’ ಸಂದರ್ಭಸಹಿತ ವಿವರಿಸಿ ಎಂಬ ಪ್ರಶ್ನೆಗೆ ಉತ್ತರ ಬರೆದು ಬರೆದು ನಮ್ಮ ಏಳನೇ ತರಗತಿಯ ಮಕ್ಕಳ ಕೈ ಪಳಗಿದೆ. ಆದರೆ ಅದು ಉದ್ಧರಣ ಚಿಹ್ನೆಯೊಳಗಿನ ಮಾತಿಗಷ್ಟೇ. ಚಿಹ್ನೆಯ ಹೊರಗಿನ ಕಥೆಯನ್ನು ಹೇಳುತ್ತಿರುವವರು ಯಾರು ಎಂದು ಕೇಳಿ ನೋಡಿ, ಇಡೀ ತರಗತಿ ಲೇಖಕರ ಹೆಸರು ಕೂಗುತ್ತದೆ. ಹುಟ್ಟಿದ ಊರು, ಪಡೆದ ಪ್ರಶಸ್ತಿಗಳೂ ಹಿಂದೆಯೇ ಬರುತ್ತವೆ!

ಹೊಸ ಪರಿಭಾಷೆ ಏನೂ ಬೇಡ. ಅದೇ ಹಳೇ ಪ್ರಶ್ನೆಯನ್ನು ಚಿಹ್ನೆಯ ಹೊರಗೂ ಕೇಳಿದರಾಯಿತು. ‘ಯಾರು’ ಎಂದು ಹುಡುಕಿದರೆ ಕಥೆಯ ದನಿ ಸಿಗುತ್ತದೆ. ‘ಯಾರಿಗೆ, ಯಾವ ಮನಸ್ಥಿತಿಯಲ್ಲಿ’ ಎಂದು ಹುಡುಕಿದರೆ ಧಾಟಿ ಸಿಗುತ್ತದೆ. ಎರಡು ಪಿರಿಯಡ್ ಸಾಕು.

ಮೊದಲು ಲೇಖಕರನ್ನು ಬದಿಗೆ ಸರಿಸಿ

ಮಾಸ್ತಿಯವರ ‘ರಂಗನ ಮದುವೆ’ ಇದಕ್ಕೆ ಹೇಳಿಮಾಡಿಸಿದ ಕಥೆ. ಅಲ್ಲಿ ಕಥೆ ಹೇಳುವವನು ಶ್ಯಾಮ. ರಂಗನ ಮದುವೆ ಮಾಡಿಸಲು ಜ್ಯೋತಿಷ್ಯ ಹೇಳುವ ಶಾಸ್ತ್ರಿಗಳ ಹತ್ತಿರ ಮೊದಲೇ ಮಾತಾಡಿಟ್ಟುಕೊಂಡು ಬಂದವನೂ ಅವನೇ. ಇಷ್ಟು ಹೇಳಿ ಮಕ್ಕಳನ್ನು ಕೇಳಿ: ಇದರಲ್ಲಿ ಶ್ಯಾಮನಿಗೇನು ಆಸಕ್ತಿ? ಅವನು ಹೇಳಿದ್ದನ್ನೆಲ್ಲ ನಂಬಬಹುದೇ? ಇದೇ ಕಥೆಯನ್ನು ಶಾಸ್ತ್ರಿಗಳು ಹೇಳಿದ್ದರೆ? ಕಥೆಗಾರ ಬೇರೆ, ಕಥೆ ಹೇಳುವ ಪಾತ್ರ ಬೇರೆ ಎಂಬುದು ವ್ಯಾಖ್ಯಾನವಿಲ್ಲದೆಯೇ ಮಕ್ಕಳಿಗೆ ಹೊಳೆಯುತ್ತದೆ.

ಒಂದು ಎಚ್ಚರಿಕೆ. ‘ನಾನು’ ಎಂದು ಹೇಳುವ ಕಥೆ ಕನ್ನಡ ವ್ಯಾಕರಣದಲ್ಲಿ ಉತ್ತಮ ಪುರುಷ. ಇಂಗ್ಲಿಷ್ ಪಿರಿಯಡ್ ಮುಗಿಸಿ ಬಂದ ಮಕ್ಕಳು ಅದನ್ನು ಪ್ರಥಮ ಪುರುಷ ಎನ್ನುವುದುಂಟು. ಬೋರ್ಡಿನ ಮೂಲೆಯಲ್ಲಿ ಒಮ್ಮೆ ಬರೆದು ಮುಂದೆ ಸಾಗಿ.

ಒಂದು ಘಟನೆ, ಮೂರು ಬಾಯಿ

ಬೋರ್ಡಿನ ಮೇಲೆ ಎರಡು ಸಾಲು ಬರೆಯಿರಿ: ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರು ಶಾಲೆಗೆ ಬಂದ ದಿನ ತರಗತಿಗೊಂದು ಕರು ನುಗ್ಗಿತು. ಮೇಜಿನ ಮೇಲಿದ್ದ ಹೂಮಾಲೆ ತಿಂದು ಹೋಯಿತು.

ಈಗ ಕರುವಿನ ಒಡೆಯ, ಧಾರವಾಡದ ಕಡೆಯ ಹುಡುಗ, ಹೇಳಲಿ: ‘ನಾ ಏನ್ ಮಾಡ್ಲಿರಿ? ಹಗ್ಗ ಗಟ್ಟಿನ ಕಟ್ಟಿದ್ದೆ. ನಮ್ಮ ಗೌರಿಗೆ ಹೂವು ಕಂಡ್ರ ಮುಗೀತು, ಯಾರ ಮಾತೂ ಕೇಳೂದಿಲ್ಲ.’

ಹೆಡ್‌ಮಾಸ್ತರರು ಇಲಾಖೆಗೆ ಬರೆಯಲಿ: ‘ಸದರಿ ದಿನಾಂಕದಂದು ತರಗತಿ ಕೊಠಡಿಗೆ ಕರುವೊಂದು ಪ್ರವೇಶಿಸಿದ್ದು, ಸ್ವಾಗತಕ್ಕೆಂದು ಇರಿಸಲಾಗಿದ್ದ ಹೂಮಾಲೆಗೆ ಹಾನಿಯುಂಟಾಗಿರುತ್ತದೆ.’

ಬಿಸಿಯೂಟದ ಅಡುಗೆಯಕ್ಕ ಹೇಳಲಿ: ‘ಕರು ನುಗ್ತಂತೆ ಕಣ್ರೀ, ಸಾಹೇಬ್ರು ಕುರ್ಚಿ ಹತ್ತಿ ನಿಂತ್ಬಿಟ್ರಂತೆ!’

ಮೂರನ್ನೂ ಮಕ್ಕಳಿಂದಲೇ ಜೋರಾಗಿ ಓದಿಸಿ. ನಂತರದ ಅರ್ಧ ಗಂಟೆ ಪತ್ತೆದಾರಿಕೆಗೆ ಮೀಸಲಿಡಿ, ಪಾಠದ ಜೀವ ಇರುವುದೇ ಅಲ್ಲಿ. ಕರುವಿಗೆ ಹೆಸರಿದೆ ಎಂದು ಯಾರಿಗೆ ಗೊತ್ತು? ಹುಡುಗನಿಗೆ ಮಾತ್ರ, ಉಳಿದಿಬ್ಬರಿಗೆ ಅದು ಬರೀ ಕರು. ಹೆಡ್‌ಮಾಸ್ತರರ ವಾಕ್ಯದಲ್ಲಿ ಮಾಲೆ ತಿಂದವರು ಯಾರು? ಯಾರೂ ಇಲ್ಲ, ಹಾನಿ ತಾನಾಗಿಯೇ ‘ಉಂಟಾಗಿದೆ’. ತಪ್ಪು ತಮ್ಮ ತಲೆಗೆ ಬರಬಾರದೆಂಬ ಆತಂಕ ಆ ಕ್ರಿಯಾಪದದಲ್ಲೇ ಅಡಗಿ ಕೂತಿದೆ. ಅಡುಗೆಯಕ್ಕ ಘಟನೆಯನ್ನು ಕಣ್ಣಾರೆ ಕಂಡಳೇ? ‘ಅಂತೆ’ ಎಂದ ಮೇಲೆ ಮುಗಿಯಿತು, ಅದು ಕಿವಿಯಿಂದ ಬಂದ ಕಥೆ. ಕುರ್ಚಿ ಹತ್ತಿದ ವಿಷಯಕ್ಕೆ ಉಪ್ಪುಖಾರ ಎಷ್ಟು ಸೇರಿದೆಯೋ ದೇವರೇ ಬಲ್ಲ.

‘ನಾನು ಕರು ಆಗ್ತೀನಿ ಮಿಸ್’ ಎಂದು ಯಾರಾದರೂ ಎದ್ದೇ ಏಳುತ್ತಾರೆ. ಮೊದಲ ದಿನ ಬೇಡ. ಆತ್ಮಕಥೆ ಪ್ರಬಂಧದ ಹಳೇ ಅಚ್ಚಿಗೆ ಬಿದ್ದು ‘ನಾನೊಂದು ಬಡಪಾಯಿ ಕರು’ ಎಂದೇ ಶುರುಮಾಡುತ್ತಾರೆ.

ಗೊತ್ತಿರಲು ಸಾಧ್ಯವೇ?

‘ಸಾಹೇಬರಿಗೆ ಒಳಗೊಳಗೇ ನಗು ಬಂತು’ ಎಂಬ ವಾಕ್ಯವನ್ನು ಹುಡುಗನ ಕಥೆಗೆ ಸೇರಿಸಿ. ಅವನಿಗೆ ಅದು ಹೇಗೆ ಗೊತ್ತಾಯಿತು ಎಂದು ತರಗತಿಯೇ ಆಕ್ಷೇಪಿಸಬೇಕು. ಅವನು ಬೇಕಾದರೆ ‘ಸಾಹೇಬ್ರು ಮೀಸಿ ಒಳಗ ನಕ್ಕಂಗಾತು’ ಎನ್ನಬಹುದು. ಎಲ್ಲರ ಮನಸ್ಸಿನೊಳಕ್ಕೂ ಇಣುಕುವ ಸ್ವಾತಂತ್ರ್ಯ ಕಥೆಯ ಹೊರಗೆ ನಿಂತ ಸರ್ವಜ್ಞ ನಿರೂಪಕನಿಗೆ ಮಾತ್ರ.

ಧಾಟಿಗೆ ಕ್ರಿಯಾಪದವೇ ಸಾಕು

ಎರಡನೇ ದಿನ ಒಂದೇ ವಾಕ್ಯ ಹಿಡಿಯಿರಿ: ಮಾವ ಬಂದರು. ಅದನ್ನೇ ಬದಲಿಸುತ್ತ ಹೋಗಿ: ಮಾವ ಆಗಮಿಸಿದರು. ಮಾವ ದಯಮಾಡಿಸಿದರು. ಮಾವ ವಕ್ಕರಿಸಿದ. ಮಾವ ಬಂದೇಬಿಟ್ಟರು. ‘ವಕ್ಕರಿಸಿದ’ ಎಂದಾಗ ತರಗತಿ ನಗುತ್ತದೆ. ಮರ್ಯಾದೆಯ ಬಹುವಚನವೂ ಅದರ ಜೊತೆಗೇ ಕಳಚಿಬಿದ್ದದ್ದನ್ನು ಮಕ್ಕಳೇ ಗುರುತಿಸಲಿ. ‘ದಯಮಾಡಿಸಿದರು’ ಗೌರವವೋ ಕುಹಕವೋ? ‘ಬಂದೇಬಿಟ್ಟರು’ ಸಂಭ್ರಮವೋ ಗಾಬರಿಯೋ? ಆ ಒಂದು ಸಾಲು ನೋಡಿ ಹೇಳಲಾಗದು. ಆದ್ದರಿಂದ ಅದರ ಹಿಂದಿನ ವಾಕ್ಯವನ್ನು ಮಕ್ಕಳು ಬರೆಯಲಿ. ‘ಬೆಳಗಿನಿಂದ ಬಾಗಿಲಲ್ಲೇ ನಿಂತಿದ್ದೆವು’ ಎಂದು ಒಬ್ಬಳು ಬರೆದರೆ, ‘ಮುರಿದ ರೇಡಿಯೋ ಇನ್ನೂ ನನ್ನ ಕೈಯಲ್ಲೇ ಇತ್ತು’ ಎಂದು ಇನ್ನೊಬ್ಬ ಬರೆಯುತ್ತಾನೆ. ಧಾಟಿ ಅಕ್ಕಪಕ್ಕದ ವಾಕ್ಯಗಳಿಂದಲೂ ಹುಟ್ಟುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಈಗ ಹೆಡ್‌ಮಾಸ್ತರರ ಬಳಿಗೇ ಮತ್ತೆ ಹೋಗಿ. ಸಂಜೆ ಮನೆಯಲ್ಲಿ ಅವರು ಹೆಂಡತಿಗೆ ಹೇಳುತ್ತಾರೆ: ‘ಮಾನ ಹೋಯ್ತು ಮಾರಾಯ್ತಿ, ಇನ್ನೂರು ರೂಪಾಯಿ ಹಾರ!’ ಮನುಷ್ಯ ಅದೇ, ಕೇಳುವವರು ಬದಲಾದರು ಅಷ್ಟೇ. ‘ಯಾರಿಗೆ’ ಎಂಬ ಪ್ರಶ್ನೆಯ ಕೆಲಸ ಇದು.

ಕೆಂಪು ಪೆನ್ನು ಸ್ವಲ್ಪ ಹೊತ್ತು ಜೇಬಿನಲ್ಲಿರಲಿ

ಮಕ್ಕಳು ಮನೆಮಾತಿನಲ್ಲಿ ಬರೆದರೆ ‘ಹೋಗಾಕತ್ತಿದ್ದ’ ಎಂಬುದನ್ನು ‘ಹೋಗುತ್ತಿದ್ದನು’ ಎಂದು ತಿದ್ದಬೇಡಿ. ತಿದ್ದಿದ ಕೂಡಲೇ ಹುಡುಗ ಹೋಗಿ ಗೈಡಿನ ಭಾಷೆ ಬಂದು ಕೂರುತ್ತದೆ. ಹಾಗೆಂದು ಆಡುಮಾತು ಅಡುಗೆಯಕ್ಕನಿಗೆ ಮಾತ್ರ, ಸಾಹೇಬರಿಗೆ ಸದಾ ಶುದ್ಧ ಗ್ರಾಂಥಿಕ ಎಂಬ ಹಂಚಿಕೆ ಕಂಡರೆ ಸುಮ್ಮನಿರಬೇಡಿ. ಸಾಹೇಬರಿಗೂ ಒಂದು ಊರಿದೆ, ಫೋನಿನಲ್ಲಿ ತಾಯಿಯ ಹತ್ತಿರ ಅವರು ಹೇಗೆ ಮಾತಾಡಿಯಾರು ಎಂದು ಕೇಳಿ. ನನ್ನ ಮಟ್ಟಿಗೆ ಇದು ಪಾಠದ ಅತಿ ಮುಖ್ಯ ಭಾಗ, ಹೆಚ್ಚಾಗಿ ಬಿಟ್ಟುಹೋಗುವುದೂ ಇದೇ.

ಪರೀಕ್ಷೆಗೆ ‘ನಿರೂಪಣೆ ಎಂದರೇನು?’ ಎಂದು ಕೇಳಿದರೆ ಕಂಠಪಾಠ ಸಿಗುತ್ತದೆ. ಬದಲಿಗೆ ಹೀಗೆ ಕೇಳಿ: ‘ಕರು ಬಂದ ದಿನ ಬಿಇಒ ಅವರ ಜೀಪಿನ ಡ್ರೈವರ್ ಗೇಟಿನ ಹೊರಗೇ ಇದ್ದ. ಸಂಜೆ ಅವನು ಗೆಳೆಯನಿಗೆ ಹೇಳಿದ್ದನ್ನು ಐದು ವಾಕ್ಯಗಳಲ್ಲಿ ಬರೆಯಿರಿ.’ ಐದು ಅಂಕ ಇಡಿ. ಮಾತು ಡ್ರೈವರನದೇ ಅನ್ನಿಸಿದರೆ ಎರಡು, ಗೆಳೆಯನ ಮುಂದಿನ ಸಲಿಗೆ ಕಂಡರೆ ಒಂದು. ಉಳಿದೆರಡು, ತರಗತಿಯೊಳಗೆ ನಡೆದದ್ದನ್ನು ಅವನು ಕಣ್ಣಾರೆ ಕಂಡಂತೆ ಬರೆಯದ ಮಗುವಿಗೆ.