ಜಪಾನ್ ಪಕ್ಷದ ಯುದ್ಧದಾಟವನ್ನು ಅನುಸರಿಸುವ ಬಗೆ

ಎರಡನೇ ಮಹಾಯುದ್ಧದ ಕಂಪ್ಯೂಟರ್ ಆಟವಾದ ಹಾರ್ಟ್ಸ್ ಆಫ್ ಐರನ್ 4ರಲ್ಲಿ ಜಪಾನನ್ನು ವಹಿಸಿಕೊಂಡ ಆಟಗಾರರು 1936ರಿಂದ ಚರಿತ್ರೆಯನ್ನು ಬೇರೆ ದಾರಿಗೆ ಹೊರಳಿಸುವಾಗ, ಆ ಆಟದ ಕಥೆಯನ್ನು ಕಂತು ಕಂತಾಗಿ ಅನುಸರಿಸುವವರು ನಿಜವಾದ ದಿನಾಂಕಗಳನ್ನು ಪಕ್ಕದಲ್ಲೇ ಬರೆದಿಟ್ಟುಕೊಳ್ಳಬೇಕು: 1937ರ ಜುಲೈ 7ರ ಚೀನಾ-ಜಪಾನ್ ಯುದ್ಧಕ್ಕೆ ನಾಂದಿಯಾದ ಮಾರ್ಕೊ ಪೋಲೋ ಸೇತುವೆಯ ಚಕಮಕಿ, 1941ರ ಡಿಸೆಂಬರ್ 7ರ ಪರ್ಲ್ ಹಾರ್ಬರ್ ದಾಳಿ, 1942ರ ಜೂನ್‌ನ ಮಿಡ್‌ವೇ ನೌಕಾ ಕದನ. ಆಟವು ಇವುಗಳಿಂದ ಎಲ್ಲಿ ಕವಲೊಡೆಯಿತೆಂದು ಗುರುತು ಹಾಕಿ. ಚೀನಾದ ನಾನ್‌ಜಿಂಗ್‌ನಲ್ಲಿ ಜಪಾನಿ ಸೈನ್ಯ ನಡೆಸಿದ ನರಮೇಧವನ್ನು ಆಟ ತೋರಿಸುವುದಿಲ್ಲ. ಅದನ್ನು ನಾವು ಮರೆಯಬಾರದು.

ಸೈನ್ಯಕ್ಕಿಂತ ಹೆಚ್ಚಾಗಿ ತೈಲದ ಮೇಲೆ ಕಣ್ಣಿಡಿ, ಕಥೆಯ ಜೀವ ಅಲ್ಲಿದೆ. 1941ರಲ್ಲಿ ಅಮೆರಿಕ ತೈಲ ನಿಲ್ಲಿಸಿದ ಮೇಲೆಯೇ ಜಪಾನ್ ಸುಮಾತ್ರಾದ ಪಾಲೆಂಬಾಂಗ್, ಬೋರ್ನಿಯೋದ ಬಾಲಿಕ್‌ಪಾಪನ್‌ಗಳ ತೈಲದತ್ತ ನುಗ್ಗಿತು. ಆಟದಲ್ಲಿಯೂ ಇಂಧನದ ಸಂಗ್ರಹ ತಿಂಗಳಿಂದ ತಿಂಗಳಿಗೆ ಕುಸಿಯುತ್ತಿದ್ದರೆ, ಅಕಾಗಿ, ಕಾಗಾದಂತಹ ವಿಮಾನವಾಹಕ ನೌಕೆಗಳು ಉಳಿದಿದ್ದರೂ ಗೆಲುವು ದೂರವೇ. ಆದ್ದರಿಂದ ಪ್ರತಿ ಕಂತಿನಲ್ಲಿ ಇಂಧನ ಸಂಗ್ರಹದ ಸಂಖ್ಯೆಯನ್ನೂ ಮುಳುಗಿದ ಸರಕುಹಡಗುಗಳನ್ನೂ ಬರೆದುಕೊಳ್ಳಿ.