ತಲೈಕುಂದದಲ್ಲಿ ಐಸ್ ಫೋಟೋ
ಜನವರಿ ಬಂತೆಂದರೆ ಮೈಸೂರಿನ ಗೆಳೆಯರ ಫೋನು ಶುರು. "ಊಟಿಯಲ್ಲಿ ಐಸ್ ಬಿದ್ದಿದೆಯಂತೆ, ದೊಡ್ಡಬೆಟ್ಟಕ್ಕೆ ಹೋಗೋಣ್ವಾ?" ದೊಡ್ಡಬೆಟ್ಟ 2,637 ಮೀಟರ್ ಎತ್ತರ, ನಿಜ. ಆದರೆ ಹುಲ್ಲಿನ ಮೇಲೆ ಕಟ್ಟುವ ಈ ಐಸ್ ಹುಡುಕಿಕೊಂಡು ನಾನು ಅಲ್ಲಿಗೆ ಹತ್ತೋದಿಲ್ಲ. ರಾತ್ರಿ ನೆಲ ತಣ್ಣಗಾದಂತೆ ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ, ಇಳಿಜಾರಿನಲ್ಲಿ ಜಾರಿ ತಗ್ಗಿಗೆ ಬಂದು ನಿಲ್ಲುತ್ತದೆ. ಹಾಗಾಗಿ ನನ್ನ ಜಾಗ ಊಟಿ ಹತ್ತಿರವೇ ತಗ್ಗಿನಲ್ಲಿರುವ ತಲೈಕುಂದದ ಹುಲ್ಲುಗಾವಲು.

ಹೋಗಬೇಕೋ ಬೇಡವೋ ಅನ್ನೋದು ಹಿಂದಿನ ರಾತ್ರಿಯೇ ಗೊತ್ತಾಗುತ್ತದೆ. ನಕ್ಷತ್ರ ಚೆನ್ನಾಗಿ ಕಾಣಬೇಕು, ಗಾಳಿ ಬೀಸಬಾರದು. ಮೋಡ ಕವಿದರೆ ನೆಲದ ಶಾಖ ಅಷ್ಟು ಬೇಗ ಹೋಗೋದಿಲ್ಲ, ಸುಮ್ನೆ ಮಲಗೋದೇ ವಾಸಿ. ಫೋನಿನಲ್ಲಿ 3 ಡಿಗ್ರಿ ಅಂತ ಬಂದರೂ ನಿರಾಸೆ ಬೇಡ. ಅದು ಆಳೆತ್ತರದ ಗಾಳಿಯ ಲೆಕ್ಕ, ಹುಲ್ಲಿನ ಮೇಲೆ ಸೊನ್ನೆಗೂ ಕೆಳಗೆ ಇಳಿದಿರಬಹುದು. ಗುಂಡ್ಲುಪೇಟೆ ಕಡೆಯಿಂದ ಬರುವವರು ಹಿಂದಿನ ದಿನ ಸಂಜೆಯೇ ಬಂದುಬಿಡಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್.

ಚಳಿಗಿಂತ ಜಾಸ್ತಿ ಕಾಡೋದು ಒದ್ದೆ. ಒಳ್ಳೆ ಫೋಟೋ ಬೇಕೆಂದರೆ ಹುಲ್ಲಿನ ಮಟ್ಟಕ್ಕೇ ಇಳಿಯಬೇಕು. ಮಂಡಿಯೂರಿದ ಕಡೆಯೆಲ್ಲ ಮೈಶಾಖಕ್ಕೆ ಐಸ್ ಕರಗಿ ಪ್ಯಾಂಟಿಗೆ ಇಳಿಯುತ್ತದೆ. ಗಂಬೂಟು, ಒಂದು ತುಂಡು ಟಾರ್ಪಾಲು ಇಲ್ಲದೆ ನಾನು ಹೊರಡೋದೇ ಇಲ್ಲ. ಕ್ಯಾಮೆರಾಗೆ ಕ್ಯಾರಿಬ್ಯಾಗ್ ಸುತ್ತೋಣ ಅಂದರೆ ನೀಲಗಿರಿಯಲ್ಲಿ ಅದು ನಿಷಿದ್ಧ. ಹಳೇ ಕೊಡೆಯ ಬಟ್ಟೆಯಲ್ಲೇ ಟೈಲರ್ ಹತ್ತಿರ ಒಂದು ಚೀಲ ಹೊಲಿಸಿಕೊಂಡೆ. ಇವತ್ತಿಗೂ ಅದೇ.

ಹತ್ತಿರದಿಂದ ನೋಡಿದರೆ ಐಸ್‌ನಲ್ಲಿ ಎರಡು ಬಗೆ. ಇಬ್ಬನಿ ಬಿದ್ದ ಮೇಲೆ ಹೆಪ್ಪುಗಟ್ಟಿದ್ದು ಗಾಜಿನ ಮಣಿಯ ಹಾಗೆ ದುಂಡಗಿರುತ್ತದೆ. ಗಾಳಿಯ ತೇವ ನೀರಾಗದೆ ನೇರ ಐಸ್ ಆದದ್ದು ಚೂಪು ಚೂಪಾಗಿ ಎದ್ದು ನಿಲ್ಲುತ್ತದೆ. ಅದೂ ಎಲೆಯ ನಡುವೆ ಕಮ್ಮಿ, ಅಂಚಿನಲ್ಲಿ ಜಾಸ್ತಿ. ಕ್ಲೋವರ್ ಎಲೆಯ ಮೂರೂ ದಳಕ್ಕೆ ಬಿಳಿ ಅಂಚು ಕಟ್ಟಿದಂತೆ ಇರುತ್ತದೆ. ನನಗೆ ಇಷ್ಟ ಈ ಎರಡನೇದೇ. ಆದರೆ ಒಂದು ಸಲ ಉಸಿರು ತಾಗಿದರೆ ಸಾಕು, ಚೂಪೆಲ್ಲ ಮಾಯ. ಅದಕ್ಕೇ ಮುಖ ಪಕ್ಕಕ್ಕೆ ತಿರುಗಿಸಿ, 2 ಸೆಕೆಂಡಿನ ಟೈಮರ್ ಹಾಕಿ ಕ್ಲಿಕ್ ಮಾಡುತ್ತೇನೆ. ಬಿಳಿ ಜಾಸ್ತಿ ಇದ್ದಾಗ ಕ್ಯಾಮೆರಾ ಅದನ್ನು ಬೂದು ಮಾಡಿಬಿಡುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸಬೇಕು, ಅಂದರೆ ಕ್ಯಾಮೆರಾಗೆ ಎರಡು ಪಟ್ಟು ಬೆಳಕು ಕೊಡಬೇಕು.

ಬಿಸಿಲು ಬಂತೆಂದರೆ ಓಟ ಶುರು. ಪೈನ್ ಮರಗಳ ನೆರಳು ಹಿಂದೆ ಸರಿಯುತ್ತಾ ಹೋಗುತ್ತದೆ, ನಾನು ಆ ನೆರಳಿನ ಅಂಚಿನಲ್ಲೇ ಸರಿಯುತ್ತೇನೆ. ಅಲ್ಲಿ ಬೆಳಕು ಆಗಷ್ಟೇ ತಾಗಿರುತ್ತದೆ, ಐಸ್ ಇನ್ನೂ ಕರಗಿರೋದಿಲ್ಲ. ಸೂರ್ಯನಿಗೆ ಎದುರಾಗಿ ಹಿಡಿದರೆ ಒಂದೊಂದು ಹರಳೂ ಬೇರೆಬೇರೆಯಾಗಿ ಹೊಳೆಯುತ್ತದೆ. ಇದೇ ಐಸ್ ಚಹಾ ಎಲೆಯನ್ನು ಸುಟ್ಟಂತೆ ಕಪ್ಪು ಮಾಡುತ್ತದೆ. ತೋಟದವರ ಎದುರು "ಎಷ್ಟು ಚೆಂದ" ಅಂತ ಹೇಳೋಕೆ ಹೋಗಬೇಡಿ!

ಮನೆಗೆ ಬಂದಕೂಡಲೇ ಫೋಟೋ ನೋಡುವ ಆತುರ ಇರುತ್ತದೆ, ಅಲ್ವಾ? ಮೆಮೊರಿ ಕಾರ್ಡನ್ನು ಹೊರಗಡೆಯೇ ತೆಗೆದಿಟ್ಟುಕೊಳ್ಳಿ. ತಣ್ಣಗಿರುವ ಕ್ಯಾಮೆರಾಗೆ ಬೆಚ್ಚಗಿನ ಕೋಣೆಯ ಗಾಳಿ ತಾಗಿದರೆ ಲೆನ್ಸ್ ಬೆವರುತ್ತದೆ. ಅದು ಬ್ಯಾಗಿನೊಳಗೇ, ಜಿಪ್ ತೆಗೆಯದೆ, ಮಧ್ಯಾಹ್ನದ ಊಟದವರೆಗೂ ಇರಲಿ.