ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿದ ಮೇಲೆ

ಕ್ಯಾಮೆರಾ ತಗೊಂಡ ಮೊದಲ ವರ್ಷ ನಾನು ತೆಗೆದ ಮುಖಗಳೆಲ್ಲ ಒಂದೇ ಥರ ಇದ್ದವು. ಮೂಗು ದೊಡ್ಡದು, ಕಣ್ಣ ಕೆಳಗೆ ಕಪ್ಪು, ನಗು ಬಿಗಿ. ಲೆನ್ಸ್ ಬದಲಾಯಿಸಿದರೆ ಸರಿ ಹೋಗುತ್ತದೆ ಅಂದುಕೊಂಡಿದ್ದೆ. ಬದಲಾಯಿಸಬೇಕಾಗಿದ್ದು ನಾನು ನಿಲ್ಲುವ ಜಾಗವನ್ನು.

ಒಂದೂವರೆ ಅಡಿಯಿಂದ ತೆಗೆದರೆ ಕ್ಯಾಮೆರಾಗೆ ಕಿವಿಗಿಂತ ಮೂಗು ತುಂಬಾ ಹತ್ತಿರ ಇರುತ್ತದೆ, ಅದಕ್ಕೇ ಉಬ್ಬಿದ ಹಾಗೆ ಕಾಣುತ್ತದೆ. ಐದಾರು ಅಡಿ ದೂರ ಹೋದರೆ ಮುಖ ತನ್ನ ಅಳತೆಗೆ ಬರುತ್ತದೆ. ಮುಖಕ್ಕೆ 85 ಎಂಎಂ ಲೆನ್ಸ್ ಒಳ್ಳೆಯದು ಅನ್ನುತ್ತಾರಲ್ವಾ, ಅದು ದೂರದ್ದನ್ನು ಸ್ವಲ್ಪ ಹತ್ತಿರ ತೋರಿಸುವ ಲೆನ್ಸ್, ಹಾಕಿದರೆ ನಾವು ದೂರ ನಿಲ್ಲಲೇಬೇಕು, ಅದೇ ಕಾರಣ. ಮೊಬೈಲ್ ಆದರೆ ಜೂಮ್ 2ಎಕ್ಸ್ ಇಟ್ಟು ಹಿಂದೆ ಸರಿಯಿರಿ.

ಇನ್ನು ಬೆಳಕು. ನಾನು ಜಾಸ್ತಿ ಕಲಿತದ್ದು ಇಲ್ಲೇ, ಅದೂ ಅಮ್ಮನ ಮುಖದಿಂದ. ಬಿಸಿಲು ನೇರವಾಗಿ ಬೀಳದ ಕಿಟಕಿ ಹುಡುಕಿ, ಅದರಿಂದ ಮೂರಡಿ ದೂರದಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಮೊದಲು ಮನೆಯ ಲೈಟುಗಳನ್ನೆಲ್ಲ ಆರಿಸಿದೆ. ಬಲ್ಬಿನ ಹಳದಿ, ಕಿಟಕಿಯ ನೀಲಿ ಎರಡೂ ಮುಖದ ಮೇಲೆ ಬಿದ್ದರೆ ಆಮೇಲೆ ಎಡಿಟ್ ಮಾಡಿ ಸರಿಪಡಿಸುವುದು ದೊಡ್ಡ ತಲೆನೋವು. ಅಮ್ಮ ಕಿಟಕಿಗೆ ಎದುರಾಗಿ ಕೂತಾಗ ಮುಖ ಚಪ್ಪಟೆಯಾಗಿ ಕಂಡಿತು, ಪೂರ್ತಿ ಪಕ್ಕಕ್ಕೆ ತಿರುಗಿದಾಗ ಅರ್ಧ ಮುಖ ಕತ್ತಲಾಯಿತು, ಮೆಲ್ಲಗೆ ತಿರುಗಿಸುತ್ತಾ ಹೋಗಿ ಎರಡರ ನಡುವೆ ಒಂದು ಕಡೆ ನಿಲ್ಲಿಸಿದಾಗ ಆಚೆ ಕೆನ್ನೆಯ ಮೇಲೂ ಒಂದು ತುಂಡು ಬೆಳಕು ಉಳಿಯಿತು, ಎರಡು ಕಣ್ಣಲ್ಲೂ ಕಿಟಕಿಯ ಸಣ್ಣ ಬಿಳಿ ಚುಕ್ಕೆ ಬಂತು. ಆ ಚುಕ್ಕೆ ಇಲ್ಲದಿದ್ದರೆ ಕಣ್ಣು ಸಪ್ಪೆ. ನಾನು ಈಗಲೂ ಕ್ಲಿಕ್ ಮಾಡುವ ಮೊದಲು ಅದನ್ನೇ ಹುಡುಕುತ್ತೇನೆ. ನೆರಳು ಗಾಢ ಅನ್ನಿಸಿದಾಗ ಆಚೆ ಬದಿಯ ಕುರ್ಚಿಗೆ ಬಿಳಿ ಬೆಡ್‌ಶೀಟ್ ಹೊದಿಸಿದೆ, ಅಷ್ಟು ಸಾಕಾಯಿತು.

ಫೋಕಸ್ ಯಾವಾಗಲೂ ಹತ್ತಿರದ ಕಣ್ಣಿಗೆ. ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಅನ್ನೋದನ್ನು ಎಫ್ ಸಂಖ್ಯೆ ಹೇಳುತ್ತದೆ, ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು, ಸ್ಪಷ್ಟವಾಗಿ ಬರುವ ಆಳ ಕಡಿಮೆ. 50 ಎಂಎಂ ಲೆನ್ಸಿನಲ್ಲಿ ಎಫ್ 1.8 ಇಟ್ಟು ಒಂದು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ 3–4 ಸೆಂಟಿಮೀಟರ್ ಅಷ್ಟೇ, ಅಮ್ಮ ಉಸಿರೆಳೆದು ಸ್ವಲ್ಪ ಹಿಂದೆ ವಾಲಿದರೂ ಕಣ್ಣು ಮಸುಕು. ಅದಕ್ಕೇ ಎಫ್ 2.8ಕ್ಕೆ ಬಂದೆ. ಶಟರ್ ವೇಗವನ್ನು ಸೆಕೆಂಡಿನ 1/200ಕ್ಕಿಂತ ಕೆಳಗೆ ಇಳಿಸುವುದಿಲ್ಲ, ಬೇಕಾದರೆ ಐಎಸ್‌ಒ, ಅಂದರೆ ಕಡಿಮೆ ಬೆಳಕಲ್ಲೂ ಫೋಟೊ ಬೆಳಗಿಸುವ ಸೆಟ್ಟಿಂಗ್, 1600 ಆಗಲಿ. ಫೋಟೊ ಸ್ವಲ್ಪ ತರಿತರಿಯಾದರೆ ಪರವಾಗಿಲ್ಲ, ಅಲುಗಾಡಿದ ಮುಖವನ್ನು ಏನೂ ಮಾಡೋಕಾಗಲ್ಲ.

ಇಷ್ಟೆಲ್ಲ ಆದರೂ ಅಮ್ಮನ ಭುಜ ಬಿಗಿಯಾಗೇ ಇತ್ತು. ಕೈ ಎಲ್ಲಿಡುವುದು ಅಂತ ಗೊತ್ತಾಗದೆ ಸೆರಗು ಹಿಡಿದುಕೊಂಡು ಕೂತಿದ್ದರು. "ನಗಮ್ಮ" ಅಂದಷ್ಟೂ ತುಟಿ ಬಿಗಿಯಾಗುತ್ತಿತ್ತು. ಆ ಮಾತನ್ನು ನಾನು ಅವತ್ತಿನಿಂದ ಯಾರಿಗೂ ಹೇಳಿಲ್ಲ. ಒಣಗಿದ ಬಟ್ಟೆಗಳನ್ನು ತಂದು ಮಡಿಲಲ್ಲಿ ಇಟ್ಟೆ, ಮಡಚುತ್ತಾ ಇರಿ ಅಂದೆ. ತಂಗಿ ಚಿಕ್ಕವಳಿದ್ದಾಗಿನ ಒಂದು ವಿಷಯ ಕೇಳಿದೆ. ಸ್ವಲ್ಪ ಹೊತ್ತಿಗೆ "ಆಯ್ತಮ್ಮ, ಮುಗೀತು" ಅಂದು ಕ್ಯಾಮೆರಾ ಎದೆಮಟ್ಟಕ್ಕೆ ಇಳಿಸಿದೆ. ಭುಜ ಸಡಿಲವಾಯಿತು. "ಇಷ್ಟಕ್ಕೆ ಇಷ್ಟೊತ್ತು ಬೇಕಿತ್ತೇನೋ?" ಅಂತ ಅಮ್ಮ ನನ್ನ ಕಡೆ ನೋಡಿದರು, ಕೈಯಲ್ಲಿ ಅರ್ಧ ಮಡಚಿದ ಟವೆಲ್. ಮತ್ತೆ ಕ್ಯಾಮೆರಾ ಎತ್ತಿ ಒಂದೇ ಒಂದು ಕ್ಲಿಕ್ ಮಾಡಿದೆ. ಅಮ್ಮ ಫ್ರೇಮ್ ಹಾಕಿಸಲು ಹೇಳಿದ್ದು ಅದೊಂದನ್ನೇ.